ಆನೆಗೊಂದಿಯಲ್ಲಿ ಕಂಡ ಹವಳದ ಹಾವು

ಅಂಜನಾದ್ರಿಯ 575 ಮೆಟ್ಟಿಲು, ಪಂಪಾ ಸರೋವರ, ತುಂಗಭದ್ರೆಯ ದಡದ ಸೂರ್ಯಾಸ್ತ ಇವುಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ರಜೆಯ ಜನಜಂಗುಳಿಯಂತೂ ನನಗೆ ಹಿಡಿಸಲಿಲ್ಲ. ಹಾಗಾಗಿ ಮಳೆ ನಿಂತ ಒಂದು ರಾತ್ರಿಯ ಸಂಗತಿಯನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಗಂಗಾವತಿಗೆ ಆಟೋ ಕಳಿಸುತ್ತೇವೆಂದು ನಾನು ಉಳಿಯಬೇಕಿದ್ದ ಮನೆಯವರು ಹೇಳಿದ್ದರು, ಕಳಿಸಲಿಲ್ಲ. ದಾರಿಯುದ್ದಕ್ಕೂ ದೀಪವಿದೆ ಎಂದಿದ್ದರು, ಒಂದೂ ಉರಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಅತ್ತ ಹೋಗುವವರು ಇಂಥ ಮಾತು ನಂಬದೆ ಟಾರ್ಚನ್ನು ತಾವೇ ಒಯ್ಯುವುದು ಲೇಸು. ನನ್ನ ಬಳಿ ಅದು ಇದ್ದುದರಿಂದಲೇ, ಆ ಮನೆಯ ಗೇಟಿನ ಪಕ್ಕದ ಕಲ್ಲುಚಪ್ಪಡಿಯ ಅಂಚಿನಲ್ಲಿ ಹಾವು ಕಣ್ಣಿಗೆ ಬಿತ್ತು.

ಒಂದು ಅಡಿಯೂ ಇರದ, ಪೆನ್ಸಿಲ್‌ಗಿಂತ ತೆಳುವಾದ, ತಿಳಿಗಂದು ಮೈ. ತಲೆ ಮತ್ತು ಕತ್ತು ಮಾತ್ರ ಕಪ್ಪು, ಅದರ ಮೇಲೆ ಸಣ್ಣ ಹಳದಿ ಚುಕ್ಕೆ. ಬಾಲದ ಬುಡದಲ್ಲೊಂದು, ತುದಿಯ ಬಳಿ ಇನ್ನೊಂದು ಕಪ್ಪು ಉಂಗುರ. ಬೆಳಕು ಬೀಳುತ್ತಲೇ ಅದು ಬಾಲವನ್ನು ಸುರುಳಿ ಸುತ್ತಿ ಮೇಲೆತ್ತಿ ಅಡಿಭಾಗದ ನೀಲಿ ಛಾಯೆಯನ್ನು ತೋರಿಸಿತು. ಹೊರಳಿದಾಗ ಹೊಟ್ಟೆಯ ಹವಳಗೆಂಪು ಹೊಳೆಯಿತು.

ಕೋಲು ಹಿಡಿದು ಬಂದ ಆ ಮನೆಯ ಹುಡುಗನಿಗೆ ಇದು ಹವಳದ ಹಾವು ಎಂದೆ. ಅವನು ಮೊಬೈಲ್ ಒತ್ತಿ, “ಹವಳದ ಹಾವು ಅಂದ್ರ ಇದಲ್ರೀ ಸರ್, ಇಲ್ನೋಡ್ರಿ” ಎಂದು ಕೆಂಪು, ಹಳದಿ, ಕಪ್ಪು ಪಟ್ಟೆಗಳ ಅಮೆರಿಕದ ಹಾವನ್ನು ತೋರಿಸಿದ. ಕೆಂಪಿಗೆ ಹಳದಿ ತಾಗಿದ್ದರೆ ವಿಷದ್ದು, ಕಪ್ಪು ತಾಗಿದ್ದರೆ ನಿರಪಾಯ ಎಂಬ ಸೂತ್ರವನ್ನೂ ಓದಿ ಹೇಳಿದ. ದಕ್ಷಿಣ ಅಮೆರಿಕದಲ್ಲೇ ಕೈಕೊಡುವ ಆ ಸೂತ್ರವನ್ನು, ಮೈಮೇಲೆ ಪಟ್ಟೆಯೇ ಇಲ್ಲದ ನಮ್ಮ ಹಾವಿಗೆ ಹಚ್ಚುವುದಾದರೂ ಹೇಗೆ? ನಮ್ಮಲ್ಲಿ ಗೊಂದಲವಾಗುವುದು ಕಪ್ಪುತಲೆಯ ನಿರ್ವಿಷ ಹಾವೊಂದರ ಜೊತೆ. ಅದರ ಬಾಲ ನೀಳವಾಗಿದ್ದು, ಅದರಲ್ಲಿ ಈ ಎರಡು ಉಂಗುರಗಳಿರುವುದಿಲ್ಲ. ಅಮೆರಿಕದ್ದೂ ನಮ್ಮದೂ ನಾಗರಹಾವಿನ ಕುಟುಂಬಕ್ಕೇ ಸೇರಿದವು, ಎರಡಕ್ಕೂ ಬಾಯಿಯ ಮುಂಭಾಗದಲ್ಲಿ ಮಡಚಲಾಗದ ಚಿಕ್ಕ ವಿಷದ ಹಲ್ಲುಗಳಿವೆ ಎಂದು ವಿವರಿಸಿದೆ.

“ಇಷ್ಟು ಸಣ್ಣ ಹುಳ ಏನ್ ತಿಂತೈತ್ರೀ?”

“ಮಣ್ಣಿನೊಳಗಿನ ಕುರುಡು ಹಾವುಗಳನ್ನ.”

“ಹಾವು ಹಾವನ್ನ ತಿಂತೈತೇನ್ರೀ!” ಎಂದು ನಕ್ಕವನು ತುಸು ತಡೆದು, “ಕಡದ್ರ ಔಷಧ ಐತೇನ್ರೀ?” ಎಂದ.

ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ತಯಾರಿಸುತ್ತಾರೆ, ಇದರದು ಅದರಲ್ಲಿಲ್ಲ. ಬಾಯಿ ಕಿರಿದಾದ್ದರಿಂದ ಕಚ್ಚುವುದು ಅಪರೂಪವಾದರೂ ಕೈಯಲ್ಲಿ ಹಿಡಿಯಬಾರದು ಎಂದೆ. ಹುಡುಗ ಕೋಲನ್ನು ಗೋಡೆಗೆ ಒರಗಿಸಿ, ಅಡುಗೆಮನೆಯತ್ತ ತಿರುಗಿ ಕೂಗಿದ: “ಅಕ್ಕಾ, ಲಗೂನ ಬಾ, ಬಾಲದಾಗ ಎರಡು ಉಂಗುರ ಅದಾವು ನೋಡು. ದೂರ ನಿಂತು ನೋಡು ಮತ್ತ!”