ಆರು ಅಕ್ಷರ ಸಾಕಂತೆ

ತೀರ್ಥಹಳ್ಳಿಯಲ್ಲಿ ಜಡಿಮಳೆ, ಕರೆಂಟಿಲ್ಲ. ಶಂಕರಘಟ್ಟದಲ್ಲಿ ಎಂಎಸ್ಸಿ ಓದುವ ಅಣ್ಣನ ಮಗಳು ಜಗಲಿಯಲ್ಲಿ ಮೊಬೈಲ್ ಟಾರ್ಚ್ ಹಾಕಿಕೊಂಡು ಕೂತಿದ್ದಳು. "ಚಿಕ್ಕಪ್ಪ, ಪಾಠ ಜೋರಾಗಿ ಹೇಳ್ತೀನಿ, ಸುಮ್ನೆ ಕೇಳಿಸ್ಕೊಳಿ, ನಂಗೆ ನೆನಪಿರತ್ತೆ" ಅಂದಳು.

ಮೈಕ್ರೋ ಆರ್‌ಎನ್‌ಎ. ಜೀವಕೋಶದೊಳಗಿನ ಪುಟ್ಟ ಅಣು; ಅದರ ಸರಪಳಿಯ ಒಂದೊಂದು ಕೊಂಡಿ ಒಂದೊಂದು ಅಕ್ಷರ ಅಂದುಕೊಂಡರೆ, ಸುಮಾರು 22 ಅಕ್ಷರದಷ್ಟೇ ಉದ್ದ. 1993ರಲ್ಲಿ ಒಂದು ಮಿಲಿಮೀಟರಿನ ಹುಳದಲ್ಲಿ ಸಿಕ್ಕಿದ್ದು, 2024ರಲ್ಲಿ ಅದಕ್ಕೆ ನೊಬೆಲ್ ಬಂದಿದ್ದು ಪೇಪರಿನಲ್ಲಿ ಓದಿದ್ದೆ. ಜೀನಿನಿಂದ ಹೊರಟ ಸಂದೇಶವನ್ನು ನ್ಯೂಕ್ಲಿಯಸ್ಸಿನ (ಜೀವಕೋಶದಲ್ಲಿ ಜೀನ್ ಇರುವ ಕೋಣೆ) ಹೊರಗೆ ಹಿಡಿದು, ಪ್ರೋಟೀನ್ ಆಗದಂತೆ ತಡೆಯುವುದು ಇದರ ಮಾಮೂಲಿ ಕೆಲಸ.

ಆದರೆ ಕೆಲವು ವಾಪಸ್ ನ್ಯೂಕ್ಲಿಯಸ್ಸಿನ ಒಳಗೇ ಹೋಗುತ್ತವಂತೆ! ಮಿರ್-29ಬಿ ಅನ್ನುವುದರ ಬಾಲದಲ್ಲಿ ಆರು ಅಕ್ಷರ ಇದೆ, ಎಜಿಯುಜಿಯುಯು. ಅದಿದ್ದರೆ ಒಳಗೆ ಪ್ರವೇಶ. ಆ ಬಾಲವನ್ನು ಬೇರೊಂದು ಪುಟ್ಟ ಆರ್‌ಎನ್‌ಎಗೆ ಅಂಟಿಸಿದರೆ ಅದೂ ಒಳಗೆ. ನಾನು ಪಹಣಿ ತಿದ್ದಿಸಲು ಕಚೇರಿಯ ಬಾಗಿಲು ದಾಟುವುದಕ್ಕೆ ಇದಕ್ಕಿಂತ ಎಷ್ಟೋ ಜಾಸ್ತಿ ಬರೆದಿದ್ದೇನೆ, ಬಿಡಿ.

ಹಾಗೆ ಒಳಹೋದ ಕೆಲವು ಜೀನಿನ ಹತ್ತಿರವೇ ಕೂತು ಅದನ್ನು ಸುಮ್ಮನಾಗಿಸುತ್ತವೆ. ಅಪರೂಪಕ್ಕೆ ಚುರುಕು ಮಾಡುವುದೂ ಉಂಟು. ಹೊರಗೆ ಬ್ರೇಕ್ ಹಾಕುವ ಜಾತಿಯದ್ದೇ ಒಳಗೆ ಹೋಗಿ ಆಕ್ಸಿಲರೇಟರ್ ಒತ್ತುತ್ತದೆ ಅಂದರೆ ವಿಚಿತ್ರ ಅಲ್ವಾ?

"ಇದೆಲ್ಲ ಪರೀಕ್ಷೆಗೆ ಬರತ್ತೇನೆ?" ಅಂದೆ.

"ಬಂದ್ರೆ ನೀವೇ ಬರೀಬಹುದು ಚಿಕ್ಕಪ್ಪ" ಅಂದು ಮುಂದಿನ ಪುಟ ತಿರುಗಿಸಿದಳು.