ಟಕ್ ಅಂತ ಒಂದು ಸದ್ದು

"ಮಾಮ, ಲೋಡಿಂಗ್ ಮುಗಿದ ತಕ್ಷಣ ಟಕ್ ಅಂತ ಒಂದು ಸದ್ದು ಬರುತ್ತೆ. ಆಮೇಲೆ ಆಫ್."

ಸೋಮವಾರ ಸಂಜೆ ಅಕ್ಕನ ಮಗಳು ಹೇಳಿದ ಮಾತು ಇದು. ನಾನು ಅವಳ ಗೇಮಿಂಗ್ ಪಿಸಿ ಮುಂದೆ ಮಂಡಿಯೂರಿ ಕೂತು ಕ್ಯಾಬಿನೆಟ್ಟಿನ ಪಕ್ಕದ ಗಾಜು ಬಿಚ್ಚುತ್ತಿದ್ದೆ. ತಲೆ ಎತ್ತಲಿಲ್ಲ. "ಅದಿರ್ಲಿ ಪುಟ್ಟಿ, ಹೊಸದಾಗಿ ಏನು ಇನ್‌ಸ್ಟಾಲ್ ಮಾಡ್ದೆ, ಅದು ಹೇಳು" ಅಂದೆ. "ಏನೂ ಮಾಡಿಲ್ಲ ಮಾಮ" ಅಂದಳು. ನಾನು ನಂಬಲಿಲ್ಲ.

ಇವತ್ತು ಭಾನುವಾರ. ಸಿಸ್ಟಮ್ ಸರಿಹೋಗಿ ಎರಡು ದಿನ ಆಯಿತು. ಆದರೂ ಆ ಎರಡು ಸಾಲು ಮಾತು ತಲೆಯಿಂದ ಇಳಿಯುತ್ತಿಲ್ಲ. ರಾತ್ರಿ ದೀಪ ಆರಿಸಿದರೆ ಸಾಕು, ಅವಳು ಹೇಳಿದ ದನಿ, ನಾನು ತಲೆ ಎತ್ತದೆ ಕೊಟ್ಟ ಉತ್ತರ, ಎರಡೂ ವಾಪಸ್ ಬರುತ್ತವೆ. ಅದಕ್ಕೇ ಬರೆಯಲು ಕೂತೆ.

ಆ ಮಷಿನ್ ಜೋಡಿಸಿದವನು ನಾನೇ. ಅವಳಿಗೆ ಹದಿನಾಲ್ಕು ವರ್ಷ. ಊರು ಕಟ್ಟುವ ಆಟ ಅಂದರೆ ಪ್ರಾಣ. ರಸ್ತೆ ಎಳೆಯುವುದು, ನೀರಿನ ಕೊಳವೆ ಹಾಕುವುದು, ಬಸ್ಸಿನ ದಾರಿ ಹಾಕಿ ಅದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನೋಡುವುದು. ಆಟ ಆಡುತ್ತಾಳೆ ಅಂದ ಕೂಡಲೇ ನನ್ನ ಭಾವನ ಮುಖ ಗಂಟಾಗುತ್ತದೆ. ಆದರೆ ಅವಳು ಕೂತು ಮಾಡುವ ಲೆಕ್ಕ ನೋಡಿದರೆ ಅದನ್ನು ಬರೀ ಆಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅಕ್ಕನದು ಇನ್ನೊಂದು ಥರ. ಏನೇ ಕೆಟ್ಟರೂ "ಜಾಸ್ತಿ ಹೊತ್ತು ಹಾಕಿರ್ತಾಳೆ, ಬಿಸಿ ಆಗಿದೆ" ಅನ್ನುತ್ತಾಳೆ. ಬಿಸಿ ಆಗಿರಲಿಲ್ಲ. ಪ್ರೊಸೆಸರ್ ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ದಾಟಿರಲಿಲ್ಲ, ಗ್ರಾಫಿಕ್ಸ್ ಕಾರ್ಡೂ ಅಷ್ಟರಲ್ಲೇ ಇತ್ತು. ಅದನ್ನು ನಾನು ಮೊದಲ ಹತ್ತು ನಿಮಿಷದಲ್ಲೇ ನೋಡಿಯಾಗಿತ್ತು.

ನೋಡಿದ್ದರಲ್ಲಿ ತಪ್ಪಿರಲಿಲ್ಲ. ನೋಡಿದ್ದರ ಅರ್ಥ ಮಾಡಿಕೊಂಡದ್ದು ತಪ್ಪು. ವಿಂಡೋಸ್ ತನ್ನೊಳಗೆ ನಡೆದದ್ದನ್ನು ಬರೆದಿಟ್ಟು ತೋರಿಸುವ ಈವೆಂಟ್ ವ್ಯೂವರ್ ತೆಗೆದರೆ ಕರ್ನಲ್-ಪವರ್ 41 ಅನ್ನುವ ನಮೂದು ಸಾಲುಸಾಲಾಗಿ ಇತ್ತು. ಆ 41 ಅಂದರೆ ಇಷ್ಟೇ: ಹೋದ ಸಲ ನಾನು ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತ ವಿಂಡೋಸ್ ಮತ್ತೆ ಎದ್ದ ಮೇಲೆ ಬರೆದುಕೊಳ್ಳುವ ಟಿಪ್ಪಣಿ. ಕಾರಣ ಅದರಲ್ಲಿ ಇರುವುದಿಲ್ಲ. ಒಳಗೆ ಬಗ್‌ಚೆಕ್ ಕೋಡ್, ಅಂದರೆ ವಿಂಡೋಸ್ ಬಿದ್ದ ಕಾರಣ ಹೇಳುವ ಸಂಖ್ಯೆ, 0 ಅಂತಿತ್ತು. ಬಿದ್ದಾಗಿನ ವಿವರ ಉಳಿಯುವ ಮಿನಿಡಂಪ್ ಫೋಲ್ಡರ್ ಖಾಲಿ. ಬ್ಲೂ ಸ್ಕ್ರೀನ್ ಒಮ್ಮೆಯೂ ಬಂದಿರಲಿಲ್ಲ. ಡ್ರೈವರ್ ಕೆಟ್ಟು ವಿಂಡೋಸ್ ಬಿದ್ದಿದ್ದರೆ ಬೀಳುವಾಗ ಏನಾದರೂ ಗೀಚಿಟ್ಟೇ ಬೀಳುತ್ತದೆ. ಇಲ್ಲಿ ಅದಕ್ಕೆ ಗೀಚುವಷ್ಟು ಸಮಯವೇ ಸಿಕ್ಕಿರಲಿಲ್ಲ. ಕಾಲ ಕೆಳಗಿನ ಕರೆಂಟನ್ನೇ ಯಾರೋ ಎಳೆದಿದ್ದರು. ಇದೆಲ್ಲ ಸೋಮವಾರವೇ ನನ್ನ ಕಣ್ಣೆದುರು ಇತ್ತು, ಪಕ್ಕದಲ್ಲಿ ಹುಡುಗಿ ಟಕ್ ಅನ್ನುತ್ತೆ ಅಂತ ಹೇಳುತ್ತಿದ್ದಳು. ನಾನು ಡಿಡಿಯು ಅನ್ನುವ ಸಾಫ್ಟ್‌ವೇರ್ ಹಾಕಿ ಗ್ರಾಫಿಕ್ಸ್ ಡ್ರೈವರ್ ಕಿತ್ತು ಹೊಸದು ಹಾಕುತ್ತಿದ್ದೆ.

ಆ ರಾತ್ರಿ ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ಬಿಟ್ಟು ಬಂದೆ. ಬೆಳಗ್ಗೆಗೆ ನಾಲ್ಕೂ ಸುತ್ತು ಮುಗಿದಿತ್ತು, ಒಂದೂ ತಪ್ಪಿಲ್ಲ. ಮಂಗಳವಾರ ಅನುಮಾನ ಪ್ರೊಸೆಸರ್ ಮೇಲೆ ಹೋಯಿತು. ಅದಕ್ಕೊಂದು ಕಾರಣವಿತ್ತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಹೆಚ್ಚು ವೋಲ್ಟೇಜ್ ಹೋಗಿ ಅವು ಸವೆಯುತ್ತಿವೆ ಅಂತ 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಬಯೋಸ್ (ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್) ಮೂಲಕ ಹೊಸ ಮೈಕ್ರೋಕೋಡ್, ಅಂದರೆ ಪ್ರೊಸೆಸರ್ ಒಳಗಿನ ಸೂಚನೆಗಳ ತಿದ್ದುಪಡಿ, ಕೊಟ್ಟಿತ್ತು. ಆಗ ಎಷ್ಟೋ ಆಟಗಳು ಬೀಳುವಾಗ ವಿಡಿಯೋ ಮೆಮೊರಿ ಸಾಲುತ್ತಿಲ್ಲ ಅಂತ ತೋರಿಸುತ್ತಿದ್ದವು. ಜನ ತಿಂಗಳುಗಟ್ಟಲೆ ಗ್ರಾಫಿಕ್ಸ್ ಕಾರ್ಡನ್ನೇ ಬೈದರು. ತಪ್ಪು ಅದರದಾಗಿರಲಿಲ್ಲ. ಈ ಕಥೆ ಓದಿದ್ದ ನನಗೆ, ಮೇಲೆ ಕಂಡದ್ದನ್ನು ನಂಬಬಾರದು ಅಂತ ಗೊತ್ತು ಅನ್ನುವ ಹೆಮ್ಮೆ ಬೇರೆ ಇತ್ತು. ಅವಳದೂ 13ನೇ ತಲೆಮಾರಿನದೇ. ಬಯೋಸ್ ಅಪ್‌ಡೇಟ್ ಮಾಡಿದೆ. ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ತೆಗೆದು ಮಾಮೂಲಿ ವೇಗಕ್ಕೆ ಇಳಿಸಿದೆ. ಫರ್‌ಮಾರ್ಕ್ ಅನ್ನುವ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ ಗ್ರಾಫಿಕ್ಸ್ ಕಾರ್ಡನ್ನು ಒಂದು ಗಂಟೆ ಬೇಯಿಸಿದೆ. ಅಲ್ಲಾಡಲಿಲ್ಲ.

ಆ ಒಂದು ಗಂಟೆಯೇ ನನ್ನನ್ನು ದಾರಿ ತಪ್ಪಿಸಿದ್ದು. ಇಷ್ಟು ಜಗ್ಗಿದರೂ ನಿಂತಿದೆ, ಅಂದಮೇಲೆ ಹಾರ್ಡ್‌ವೇರ್ ಗಟ್ಟಿ, ಹುಳುಕು ಇರುವುದು ಸಾಫ್ಟ್‌ವೇರಿನಲ್ಲಿ, ಹುಡುಗಿ ಏನೋ ಹಾಕಿದ್ದಾಳೆ, ಹೇಳುತ್ತಿಲ್ಲ. ಹೀಗೆ ತೀರ್ಮಾನ ಮಾಡಿಬಿಟ್ಟೆ.

ಬುಧವಾರ ನನಗೆ ವಾರದ ರಜೆ. ಅವಳು ಶಾಲೆಗೆ ಹೋಗಿದ್ದಳು. ಫಾರ್ಮ್ಯಾಟ್ ಮಾಡಿದೆ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲ ಜೋಪಾನವಾಗಿ ಪೆನ್‌ಡ್ರೈವಿಗೆ ಹಾಕಿಕೊಂಡೆ. ಎಷ್ಟೋ ಆಟಗಳು ತಮ್ಮ ಸೇವ್ ಫೈಲನ್ನು ಅಲ್ಲಿ ಇಡುವುದೇ ಇಲ್ಲ, ಆಪ್‌ಡೇಟಾ ಅನ್ನುವ ಮರೆಮಾಡಿದ ಫೋಲ್ಡರಿನಲ್ಲಿ ಇಡುತ್ತವೆ. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ. ಒಂದು ಫೋನ್ ಮಾಡಿ, ಇಲ್ಲ ಸಂಜೆಯವರೆಗೆ ಕಾದು, "ಪುಟ್ಟಿ, ನಿಂದು ಏನಾದ್ರೂ ಉಳಿಸ್ಕೋಬೇಕಾ" ಅಂತ ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ.

ಸಂಜೆ ಬಂದಳು. ಚೀಲ ಬಿಸಾಡಿ ಕೂತಳು. ಆಟ ಮತ್ತೆ ಹಾಕಿದ್ದೆ, ತೆಗೆದಳು. ಸ್ವಲ್ಪ ಹೊತ್ತು ಮೌಸ್ ಮೇಲೆ ಕೆಳಗೆ ಆಡಿಸಿದಳು.

"ನನ್ನ ಊರು ಎಲ್ಲಿ ಮಾಮ?"

ಎಂಟು ತಿಂಗಳು ಕಟ್ಟಿದ ಊರು. ನಾನು ಫೈಲ್ ವಾಪಸ್ ತರುವ ಎರಡು ಸಾಫ್ಟ್‌ವೇರ್ ಹಾಕಿ ರಾತ್ರಿಯವರೆಗೆ ಹುಡುಕಿದೆ. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ಒಂದಿಷ್ಟಾದರೂ ಸಿಗುತ್ತಿತ್ತೇನೋ. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಆದ ಕೂಡಲೇ ವಿಂಡೋಸ್ ಟ್ರಿಮ್ ಅನ್ನುವ ಆಜ್ಞೆ ಕಳಿಸುತ್ತದೆ, ಡ್ರೈವ್ ಆ ಜಾಗವನ್ನು ತಾನೇ ಒರೆಸಿಕೊಳ್ಳುತ್ತದೆ. ಏನೂ ಸಿಗಲಿಲ್ಲ. ಅವಳು ಅಳಲಿಲ್ಲ. "ಪರವಾಗಿಲ್ಲ ಮಾಮ" ಅಂದಳು. ಆಮೇಲೆ ಹೊಸ ಊರು ಶುರುಮಾಡಲು ಹೋದಳು. ಲೋಡಿಂಗ್ ಮುಗಿಯಿತು. ಪರದೆ ಕಪ್ಪಾಯಿತು. ಮಷಿನ್ ಆಫ್.

ಅಂದರೆ ಫಾರ್ಮ್ಯಾಟ್ ಮಾಡಿದ್ದು ಯಾವುದಕ್ಕೂ ಅಲ್ಲ.

ಗುರುವಾರ ಭಾವ ಪರಿಚಯದ ರಿಪೇರಿಯವರೊಬ್ಬರನ್ನು ಕರೆಸಿದರು. ಅವರು ಕೂರಲಿಲ್ಲ, ಕ್ಯಾಬಿನೆಟ್ ತೆಗೆಯಲಿಲ್ಲ, ಮೇಲೆ ಕೈ ಇಟ್ಟು "ಬೋರ್ಡ್ ಹೋಗಿದೆ ಸರ್" ಅಂದರು. ನನಗೆ ಸಿಟ್ಟು ಬಂತು. ಬಿಚ್ಚದೆ, ಆನ್ ಮಾಡದೆ, ಯಾವಾಗ ಆಫ್ ಆಗುತ್ತೆ ಅಂತ ಒಂದು ಮಾತು ಕೇಳದೆ ಹೇಗೆ ಹೇಳುತ್ತೀರಿ ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳು, ಬಾಗಿಲ ಹತ್ತಿರ ನಿಂತವಳು, ಅವರಿಗೂ ಅದನ್ನೇ ಹೇಳಿದಳು: "ಅಂಕಲ್, ಲೋಡಿಂಗ್ ಮುಗಿದ ತಕ್ಷಣ ಟಕ್ ಅನ್ನುತ್ತೆ." ಅವರು ನಕ್ಕು ಅವಳ ತಲೆ ಸವರಿದರು. ನನ್ನ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು.

ನನ್ನ ಹೊಟ್ಟೆಪಾಡು ಲಿಫ್ಟ್ ಸರ್ವಿಸ್. ಹದಿನೇಳು ವರ್ಷ ಆಯಿತು. ಲಿಫ್ಟ್ ನಿಂತಿದೆ ಅಂತ ಫೋನ್ ಬಂದರೆ, ಪ್ಯಾನಲ್ ಮುಟ್ಟುವ ಮೊದಲು ಅಲ್ಲಿನ ವಾಚ್‌ಮನ್ನನ್ನು ಹುಡುಕಿಕೊಂಡು ಹೋಗಿ ಕೇಳುತ್ತೇನೆ. ಎಷ್ಟನೇ ಮಹಡಿ ಹತ್ತಿರ ನಿಂತಿತು, ಮೇಲೆ ಹೋಗುವಾಗಲೋ ಕೆಳಗೆ ಬರುವಾಗಲೋ, ಏನು ಸದ್ದು ಬಂತು. ಅವರಿಗೆ ಸರ್ಕ್ಯೂಟ್ ಗೊತ್ತಿರುವುದಿಲ್ಲ. ಆದರೆ ಇಪ್ಪತ್ತನಾಲ್ಕು ಗಂಟೆ ಅದರ ಪಕ್ಕ ಕೂತಿರುವವರು ಅವರು, ನಾನಲ್ಲ. ಲಿಫ್ಟಿನ ಪ್ಯಾನಲ್ ತುಂಬ ರಿಲೇ, ಕಾಂಟ್ಯಾಕ್ಟರ್, ಅಂದರೆ ಕರೆಂಟಿನಿಂದಲೇ ಕಚ್ಚಿ ಬಿಡುವ ಸ್ವಿಚ್ಚುಗಳು. ಯಾವುದು ಬಿತ್ತು, ಯಾವುದು ಕಚ್ಚಿತು ಅಂತ ಕಣ್ಣುಮುಚ್ಚಿ ಹೇಳಬಲ್ಲೆ. ಟಕ್ ಅನ್ನುವ ಸದ್ದಿನಲ್ಲೇ ನಾನು ಅನ್ನ ತಿನ್ನುವವನು. ವಾಚ್‌ಮನ್ ಹೇಳಿದ್ದರೆ ಸುತ್ತಿಗೆ ಬಿಟ್ಟು ಕೇಳುತ್ತಿದ್ದೆ. ಹದಿನಾಲ್ಕರ ಹುಡುಗಿ, ಅದೂ ಆಟದ ಮಷಿನ್ನಿನ ಬಗ್ಗೆ ಹೇಳಿದ್ದಕ್ಕೆ ಕಿವಿ ಮುಚ್ಚಿಕೊಂಡೆ.

ಅವತ್ತು ರಾತ್ರಿ ಅವಳ ಪಕ್ಕ ನೆಲದ ಮೇಲೆ ಕೂತೆ. "ಪುಟ್ಟಿ, ಆ ಸದ್ದು ತೋರ್ಸು" ಅಂದೆ. ಹೆಡ್‌ಫೋನ್ ತೆಗೆದಿಟ್ಟಳು. ಪಕ್ಕದ ಗಾಜು ತೆಗೆದು ಕ್ಯಾಬಿನೆಟ್ ಹತ್ತಿರ ಕಿವಿ ಇಟ್ಟೆ. ಲೋಡಿಂಗಿನ ಗೆರೆ ತುಂಬುತ್ತಾ ಹೋಯಿತು. ಬೆಟ್ಟ, ಬಯಲು ಕಾಣಿಸಿದ ಕ್ಷಣ, ಕೆಳಗಡೆ ಎಸ್‌ಎಂಪಿಎಸ್, ಅಂದರೆ ಇಡೀ ಮಷಿನ್ನಿಗೆ ಕರೆಂಟು ಕೊಡುವ ಡಬ್ಬಿ, ಅದರ ಒಳಗಿಂದ ಟಕ್.

ರಿಲೇ. ಅನುಮಾನವೇ ಇಲ್ಲ.

"ಕೇಳಿಸ್ತಾ ಮಾಮ?" ಅಂದಳು. ಅವಳ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ನಿಜವಾಗಿಯೂ ಕೇಳಿಸಿತೋ ಇಲ್ಲವೋ ಅನ್ನುವ ಆತಂಕ ಇತ್ತು. ನಾಲ್ಕು ದಿನದಲ್ಲಿ ತನ್ನ ಕಿವಿಯ ಮೇಲೆ ಅವಳಿಗೇ ನಂಬಿಕೆ ಹೋಗುವ ಹಾಗೆ ಮಾಡಿದ್ದೆ ಅಂತ ಆಗ ಹೊಳೆಯಿತು.

ಅವಳ ಗ್ರಾಫಿಕ್ಸ್ ಕಾರ್ಡ್ 320 ವ್ಯಾಟಿನದು. ಆದರೆ ಅದು ಸರಾಸರಿ. ಲೋಡಿಂಗ್ ಹೊತ್ತಿನಲ್ಲಿ ಕಾರ್ಡ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಊರು ತೆರೆದುಕೊಂಡ ಕ್ಷಣ ಒಮ್ಮೆಲೇ ಎಳೆಯುತ್ತದೆ. ಆ ಎಳೆತ, ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಮಾತ್ರ, ಆದರೆ ಸರಾಸರಿಯನ್ನು ತುಂಬಾ ಮೀರಿ ಹೋಗಬಲ್ಲದು. ಹಳೆಯ ಎಸ್‌ಎಂಪಿಎಸ್ ಅದನ್ನು ಶಾರ್ಟ್ ಆಗಿದೆ ಅಂತ ತಿಳಿದು ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಹಾಗೆ ಆಫ್ ಆಗುವಾಗ ಒಳಗಿನ ರಿಲೇ ಬಿಡುವ ಸದ್ದು ಅದು. ಈ ಕಾಟಕ್ಕೆಂದೇ 2022ರ ಎಟಿಎಕ್ಸ್ 3.0 ನಿಯಮದಲ್ಲಿ, ಹೊಸ ಕಾರ್ಡುಗಳಿಗಾಗಿ ಮಾಡಿದ ಎಸ್‌ಎಂಪಿಎಸ್ ತನ್ನ ಶಕ್ತಿಯ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಅಂತ ಸೇರಿಸಿದರು. ಅವಳ ಮಷಿನ್ನಿನಲ್ಲಿದ್ದದ್ದು 2016ರದು, 650 ವ್ಯಾಟ್, ನಾನೇ ನನ್ನ ಹಳೆಯ ಸಿಸ್ಟಮ್ಮಿನಿಂದ ತೆಗೆದು ಹಾಕಿದ್ದು. ಚೆನ್ನಾಗಿಯೇ ಇದೆಯಲ್ಲ ಅಂತ ಹಾಕಿದ್ದೆ. ಕಾರ್ಡಿಗೆ ಬೇಕಾದ ಎರಡು ಎಂಟು ಪಿನ್ನಿನ ಕನೆಕ್ಟರಿಗೂ ಒಂದೇ ಕೇಬಲ್ಲಿನ ಕವಲು ಕೊಟ್ಟಿದ್ದೆ. ಗಾಜಿನ ಒಳಗೆ ವೈರು ಕಡಿಮೆ ಕಂಡರೆ ಅಂದ ಅಂತ.

ಫರ್‌ಮಾರ್ಕ್ ಯಾಕೆ ಹಿಡಿಯಲಿಲ್ಲ ಅನ್ನುವುದೂ ಆಗ ಅರ್ಥವಾಯಿತು. ಅದು ಒಂದೇ ಸಮ ಎಳೆಯುತ್ತದೆ. ಇಲ್ಲಿ ತೊಂದರೆ ಇದ್ದದ್ದು ಎಷ್ಟು ಎಳೆಯುತ್ತದೆ ಅನ್ನುವುದರಲ್ಲಿ ಅಲ್ಲ, ಎಷ್ಟು ಹಠಾತ್ತಾಗಿ ಎಳೆಯುತ್ತದೆ ಅನ್ನುವುದರಲ್ಲಿ. ನಾನು ಕಣ್ಣಿಟ್ಟಿದ್ದ ಎಚ್‌ಡಬ್ಲ್ಯುಇನ್ಫೋ ಅನ್ನುವ ಅಳತೆಯ ಸಾಫ್ಟ್‌ವೇರ್ ಎರಡು ಸೆಕೆಂಡಿಗೊಮ್ಮೆ ಅಳೆಯುತ್ತದೆ. ಅದರ ಎರಡು ಅಳತೆಗಳ ನಡುವೆಯೇ ಎಲ್ಲ ಆಗಿಹೋಗುತ್ತಿತ್ತು. ಅದು ಸಿಕ್ಕಿದ್ದು ಅವಳ ಕಿವಿಗೆ ಮಾತ್ರ.

ಖಾತ್ರಿ ಮಾಡಿಕೊಳ್ಳಲು ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರಿನಲ್ಲಿ ಕಾರ್ಡಿನ ಪವರ್ ಮಿತಿಯನ್ನು ಶೇಕಡಾ 70ಕ್ಕೆ ಇಳಿಸಿದೆ. ಏಳು ಸಲ ಲೋಡ್ ಮಾಡಿಸಿದೆ. ಒಂದು ಸಲವೂ ಆಫ್ ಆಗಲಿಲ್ಲ. ಶುಕ್ರವಾರ ನನ್ನ ಸಿಸ್ಟಮ್ಮಿನ 850 ವ್ಯಾಟಿನ ಎಸ್‌ಎಂಪಿಎಸ್ ತಂದು ಹಾಕಿದೆ. ಕೇಬಲ್ಲುಗಳನ್ನೂ ಪೂರ್ತಿ ಬದಲಾಯಿಸಿದೆ. ಇದನ್ನು ಓದುವವರು ಯಾರಾದರೂ ಇದೇ ಕೆಲಸಕ್ಕೆ ಕೈಹಾಕಿದರೆ ದಯವಿಟ್ಟು ನೆನಪಿಡಿ: ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಹೊಸದಕ್ಕೆ ಹಾಕಬೇಡಿ. ಹೊಂದಿಕೊಂಡು ಕೂತರೂ ಒಳಗಿನ ಪಿನ್ನುಗಳ ಕ್ರಮ ಬೇರೆ ಇರಬಹುದು, ಡ್ರೈವ್ ಸುಟ್ಟುಹೋಗಬಹುದು. ಈ ಸಲ ಕಾರ್ಡಿಗೆ ಎರಡು ಬೇರೆ ಬೇರೆ ಕೇಬಲ್ ಎಳೆದೆ. ನೋಡಲು ಅಷ್ಟು ಚೆನ್ನಾಗಿಲ್ಲ. ಇರಲಿ.

ಅಕ್ಕ "ಅಂತೂ ಸರಿ ಮಾಡ್ದೆ ಬಿಡು" ಅಂದಳು. ಸರಿ ಮಾಡಿದ್ದು ನಾನಲ್ಲ, ಇವಳು ಮೊದಲ ದಿನವೇ ಹೇಳಿದ್ದಳು ಅಂತ ಭಾವನ ಎದುರೇ ಹೇಳಿದೆ. ಭಾವ ಪೇಪರಿನಿಂದ ಕಣ್ಣು ತೆಗೆದು ಮಗಳನ್ನು ಒಮ್ಮೆ ನೋಡಿದರು. ಏನೂ ಹೇಳಲಿಲ್ಲ.

ಆಮೇಲೆ ಅವಳ ಹತ್ತಿರ ಹೋಗಿ, ಕೇಳದೆ ಫಾರ್ಮ್ಯಾಟ್ ಮಾಡಿದ್ದು ತಪ್ಪಾಯಿತು ಅಂದೆ. ಅವಳು ಪರವಾಗಿಲ್ಲ ಅನ್ನಲಿಲ್ಲ ಈ ಸಲ. "ಹೂಂ" ಅಂದಳು. ಆ ಹೂಂ ನನಗೆ ಪರವಾಗಿಲ್ಲಕ್ಕಿಂತ ಸಮಾಧಾನ ಕೊಟ್ಟಿತು.

ಹೋದ ಊರು ಹೇಗಿತ್ತು ಅಂತ ನಿನ್ನೆ ಸಂಜೆ ಕೇಳಿದೆ. ಎಂಟು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನದಿಯ ಈಚೆ ಹಳೆಯ ಪೇಟೆ ಇತ್ತಂತೆ, ಆಚೆ ರೈಲು ನಿಲ್ದಾಣ. ಎರಡನ್ನೂ ಸೇರಿಸುವುದಕ್ಕೆ ಒಂದೇ ಸೇತುವೆ, ಅಲ್ಲಿ ಯಾವಾಗಲೂ ಬಸ್ಸುಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವಂತೆ. "ಅದನ್ನ ಬಿಡಿಸೋಕೆ ಎರಡು ತಿಂಗಳು ಹಿಡೀತು ಮಾಮ. ಬಿಡಿಸಿದ ಮಾರನೇ ದಿನಾನೇ ಆಫ್ ಆಗೋಕೆ ಶುರು ಆಗಿದ್ದು." ಮಾತಾಡುತ್ತಲೇ ಹೊಸ ಆಟ ತೆಗೆದಳು. ಲೋಡಿಂಗಿನ ಗೆರೆ ತುಂಬುತ್ತಿದ್ದ ಹಾಗೆ ಅವಳ ಮಾತು ನಿಂತಿತು, ನಾನೂ ಸುಮ್ಮನಾದೆ. ಇಬ್ಬರೂ ಪರದೆ ಬಿಟ್ಟು ಕೆಳಗೆ ಕ್ಯಾಬಿನೆಟ್ ಕಡೆ ನೋಡುತ್ತಿದ್ದೆವು. ಫ್ಯಾನಿನ ಸದ್ದು ಸ್ವಲ್ಪ ಏರಿತು, ಅಷ್ಟೇ. ಮತ್ತೆ ತಲೆ ಎತ್ತಿದಾಗ ಪರದೆಯ ತುಂಬ ಖಾಲಿ ಬಯಲು, ನಡುವೆ ಒಂದು ನದಿ.

"ಈ ಸಲ ಸೇತುವೆ ಎರಡು" ಅಂದಳು.