ಬೋರ್ಡಿನ ಮೇಲೆ ಚೆರ್ರಿ ಹೂವು ಬೇಡ, ಒಳಗಿನ ಹೂರಣ ತೋರಿಸೋಣ

ಗೆಳತಿಯೊಬ್ಬಳು ಮೈಸೂರಿನ ಗೋಕುಲಂನಲ್ಲಿ ಬೇಕರಿ ತೆರೆಯುತ್ತಿದ್ದಾಳೆ. ಜಪಾನಿ ಪದ್ಧತಿಯ ಬ್ರೆಡ್ಡು, ಬನ್ನು ಮಾತ್ರ. ಅಲ್ಲಿಗೇ ಹೋಗಿ ಕಲಿತು ಬಂದವಳು. ಹಿಂದಿನ ದಿನವೇ ಹಿಟ್ಟಿನ ಕೆಲಸ ಶುರು ಮಾಡಿ, ಮಾರನೆಯ ದಿನಕ್ಕೆ ಎಷ್ಟು ಬೇಕೋ ಅಷ್ಟನ್ನೇ ಬೇಯಿಸುತ್ತಾಳೆ, ಹಾಗಾಗಿ ಬೆಲೆ ಮಾಮೂಲಿ ಬೇಕರಿಗಿಂತ ಜಾಸ್ತಿಯೇ. ಪ್ರಚಾರದ ಕೆಲಸ ನನ್ನ ಪಾಲಿಗೆ ಬಂದಿದೆ.

ಬೋರ್ಡ್ ಡಿಸೈನ್ ಮಾಡುವ ಹುಡುಗ ಕಳಿಸಿದ ಮೊದಲ ಚಿತ್ರದಲ್ಲಿ ಫ್ಯೂಜಿ ಬೆಟ್ಟ, ಕೆಂಪು ಲಾಟೀನು, ಸುತ್ತ ಚೆರ್ರಿ ಹೂವು ಎಲ್ಲ ಇತ್ತು. ಬಣ್ಣ ಚೆನ್ನಾಗಿತ್ತು. ಆದರೂ ಬೇಡ ಅಂದೆ. ಒಂಟಿಕೊಪ್ಪಲಿನಿಂದ ಸ್ಕೂಟರಿನಲ್ಲಿ ಬರುವವರು ಅದನ್ನು ನೋಡಿದರೆ ‘ಇದು ನಮ್ಮಂಥವರಿಗಲ್ಲ’ ಅಂದುಕೊಂಡು ನಿಲ್ಲಿಸದೇ ಹೋಗುತ್ತಾರೆ. ಒಳಗೆ ಏನು ಸಿಗುತ್ತೆ ಅನ್ನುವುದೇ ಆ ಚಿತ್ರದಲ್ಲಿ ಇರಲಿಲ್ಲ.

ಹಾಗಾದರೆ ಜಪಾನಿ ಪರಂಪರೆ ಅಂತ ಏನು ತೋರಿಸಬೇಕು? ನನಗೆ ಅದಕ್ಕೆ ಉತ್ತರ ಸಿಕ್ಕಿದ್ದು ಅನ್‌ಪಾನ್ ಅನ್ನುವ ಸಿಹಿ ಹೂರಣದ ಬನ್ನಿನಲ್ಲಿ. ಕಿಮುರಾ ಯಾಸುಬೆ ಅನ್ನುವವರು ಸಮುರಾಯ್ ವರ್ಗದವರು. 1868ರ ನಂತರ ಹೊಸ ಸರ್ಕಾರ ಬಂದು ಆ ವರ್ಗದ ಎಷ್ಟೋ ಜನರಿಗೆ ಹೊಸ ಜೀವನೋಪಾಯ ಹುಡುಕಬೇಕಾಯಿತು. ಇವರು 1869ರಲ್ಲಿ ಟೋಕಿಯೊದಲ್ಲಿ ಬೇಕರಿ ಹಾಕಿದರು. ಆಗ ಅಲ್ಲಿನ ಜನಕ್ಕೆ ಬ್ರೆಡ್ ಅಂದರೆ ಪರದೇಶದವರ ಆಹಾರ. ಬಾಯಿಗೆ ಒಗ್ಗುತ್ತಿರಲಿಲ್ಲ. ಕಿಮುರಾ ಬ್ರೆಡ್ಡಿನ ಗುಣಗಾನ ಮಾಡುತ್ತಾ ಕೂರಲಿಲ್ಲ. ಸಾಕೆ ಅನ್ನುವ ಅಕ್ಕಿಯ ಮದ್ಯ ತಯಾರಿಸುವಾಗ ಬಳಸುವ ಅಕ್ಕಿಯ ಹುದುಗಿನಿಂದಲೇ ಹಿಟ್ಟು ಉಬ್ಬಿಸಿದರು, ಒಳಗೆ ಅಡುಕಿ ಅನ್ನುವ ಕೆಂಪು ಕಾಳಿನ ಸಿಹಿ ಹೂರಣ ತುಂಬಿದರು. ಆ ಹುದುಗಿನ ವಾಸನೆ, ಆ ಹೂರಣ, ಎರಡೂ ಜನಕ್ಕೆ ಮೊದಲೇ ಗೊತ್ತಿದ್ದವು. ಹೊಸದು ಅಂತ ಇದ್ದದ್ದು ಹೊರಗಿನ ಬ್ರೆಡ್ ಮಾತ್ರ. 1874ರಲ್ಲಿ ಅದು ಮಾರಾಟಕ್ಕೆ ಬಂತು. 1875ರ ಏಪ್ರಿಲ್ 4ರಂದು ಮೇಜಿ ಚಕ್ರವರ್ತಿಗೆ ಕೊಟ್ಟಾಗ ಬನ್ನಿನ ನಡುವೆ ಉಪ್ಪಿನಲ್ಲಿ ಹಾಕಿಟ್ಟ ಚೆರ್ರಿ ಹೂವು ಒತ್ತಿದ್ದರು. ನೋಡಿ, ಚೆರ್ರಿ ಹೂವು ಅಲ್ಲಿ ತಿನ್ನೋದಕ್ಕೆ ಇತ್ತು, ಸಿಹಿಯ ಮಧ್ಯೆ ಒಂದಿಷ್ಟು ಉಪ್ಪು ಸಿಗಲಿ ಅಂತ. ಅವರ ಅಂಗಡಿ ಕಿಮುರಾಯಾ ಈಗಲೂ ಟೋಕಿಯೊದ ಗಿಂಜಾದಲ್ಲಿದೆ.

ಕಿಮುರಾ ಟೋಕಿಯೊದಲ್ಲಿ ಮಾಡಿದ್ದನ್ನೇ ನಾವು ಮೈಸೂರಿನಲ್ಲಿ ಮಾಡಬೇಕು. ಪರಂಪರೆ ಅಂದರೆ ನನ್ನ ಮಟ್ಟಿಗೆ ಅದೇ. ನಮ್ಮ ಕಡೆಯೂ ಇದು ನಡೆದಿದೆ ಅಲ್ವಾ? ಹಾಸನ ಸೀಮೆಯಿಂದ ಹೊರಟ ಅಯ್ಯಂಗಾರ್ ಬೇಕರಿಯವರು ಮೊಟ್ಟೆ ಬಿಟ್ಟು, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ಖಾರಾ ಬನ್ ಮಾಡಿದ್ದರಿಂದಲೇ ಬೇಕರಿ ಅನ್ನುವುದು ನಮ್ಮ ಊರೂರಿಗೂ ಬಂತು.

ಅಂಗಡಿ ತೆರೆಯುವ ಮೊದಲು ನೆಂಟರಿಷ್ಟರನ್ನು ಕರೆದು ರುಚಿ ನೋಡಿಸಿದೆವು. ಅನ್‌ಪಾನ್ ಅಂಗೈಯಲ್ಲಿ ಹಿಡಿಸುವಷ್ಟು ಇರುತ್ತೆ. ಮೇಲೆ ತೆಳುವಾದ ಕಂದು ಸಿಪ್ಪೆ, ಅದರ ಮೇಲೆ ಒಂದು ಚಿಟಿಕೆ ಗಸಗಸೆ. ಮುರಿದರೆ ಬ್ರೆಡ್ಡು ಎಳೆಎಳೆಯಾಗಿ ಬಿಡುತ್ತೆ, ಒಳಗೆ ಕಪ್ಪುಗೆಂಪು ಹೂರಣ ಅಂಚಿನವರೆಗೂ ತುಂಬಿರುತ್ತೆ. ಗೆಳತಿಯ ದೊಡ್ಡಪ್ಪ ಒಂದು ತುಂಡು ಬಾಯಿಗೆ ಹಾಕಿಕೊಂಡು, “ಹೋಳಿಗೆ ಹೂರಣಾನೇ ಅಲ್ವೇನಮ್ಮಾ ಇದು? ಕಾಳು ಬೇರೆ, ಸಿಹಿ ಕಡಿಮೆ, ಅಷ್ಟೇ” ಅಂದರು. “ಹೌದು ದೊಡ್ಡಪ್ಪ, ಅದೇ” ಅಂತ ಇವಳು ಇನ್ನೊಂದು ಕೊಟ್ಟಳು. ಆ ಮಾತನ್ನೇ ತಟ್ಟೆಯ ಪಕ್ಕದ ಚೀಟಿಯಲ್ಲಿ ಬರೆಸುತ್ತಿದ್ದೇನೆ: ‘ಅನ್‌ಪಾನ್. ಕೆಂಪು ಕಾಳಿನ ಹೂರಣ ತುಂಬಿದ ಬನ್. ಸಿಹಿ ಕಡಿಮೆ.’ ನುಣ್ಣಗೆ ರುಬ್ಬಿದ ಹೂರಣದ್ದು ಒಂದು, ಕಾಳು ಕಾಳಾಗಿ ಇರುವುದು ಇನ್ನೊಂದು. ಎರಡೂ ಇಡುತ್ತೇವೆ.

ಮೊಟ್ಟೆ ಇದೆಯಾ ಅನ್ನುವುದು ಮೈಸೂರಿನಲ್ಲಿ ಮೊದಲ ಪ್ರಶ್ನೆ. ಕೌಂಟರಿನಲ್ಲಿ ಕೇಳಿ ತಿಳಿದುಕೊಳ್ಳುವ ಮುಜುಗರ ಗಿರಾಕಿಗೆ ಬೇಡ. ಮೊಟ್ಟೆ ಹಾಕಿದ್ದಕ್ಕೆ ಹಸಿರು ಚುಕ್ಕಿ ಹಾಕುವಂತಿಲ್ಲ, ಆದ್ದರಿಂದ ಪ್ರತಿ ಚೀಟಿಯಲ್ಲೂ ಗುರುತು ದೊಡ್ಡದಾಗಿ ಇರಬೇಕು, ತಟ್ಟೆ, ಇಕ್ಕಳ ಎರಡೂ ಬೇರೆ ಬೇರೆ ಇರಬೇಕು.

ಬೆಲೆಯ ವಿಷಯ ಸ್ವಲ್ಪ ಕಷ್ಟ. ಶೊಕುಪಾನ್ ಅಂದರೆ ಅವರ ದಿನನಿತ್ಯದ ಹಾಲಿನ ಬ್ರೆಡ್ಡು. ನೋಡೋದಕ್ಕೆ ನಮ್ಮ ಬೇಕರಿ ಬ್ರೆಡ್ಡಿನಂತೆಯೇ ಇರುತ್ತೆ, ಬೆಲೆ ಮಾತ್ರ ಹಲವು ಪಟ್ಟು. ‘ಪ್ರೀಮಿಯಂ’ ಅಂತ ಬರೆದರೆ ಯಾರೂ ಒಪ್ಪೋದಿಲ್ಲ. ಕೆಲಸ ಹೇಗೆ ನಡೆಯುತ್ತೆ ಅಂತ ತೋರಿಸಿದರೆ ಒಪ್ಪುತ್ತಾರೆ. ಅಲ್ಲಿ ಯುದಾನೆ ಅಂತ ಒಂದು ಕ್ರಮ ಇದೆ. ಹಿಟ್ಟಿನಲ್ಲಿ ಒಂದು ಪಾಲಿಗೆ ಕುದಿಯುವ ನೀರು ಹಾಕಿ ಕಲಸಿ, ರಾತ್ರಿಯಿಡೀ ಇಟ್ಟು, ಬೆಳಗ್ಗೆ ಉಳಿದ ಹಿಟ್ಟಿಗೆ ಸೇರಿಸಿ ನಾದುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ನೀರು ಕುಡಿದು ಅಂಟಾಗುತ್ತೆ, ಆ ನೀರನ್ನು ಬಿಟ್ಟುಕೊಡೋದಿಲ್ಲ. ಅದಕ್ಕೇ ಬ್ರೆಡ್ಡು ಮಾರನೇ ದಿನವೂ ಮೆತ್ತಗಿರುತ್ತೆ. ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬಿಸಿನೀರು ಬಿದ್ದಾಗ ಹಿಟ್ಟು ಹೇಗೆ ಬದಲಾಗುತ್ತೆ ಅಂತ ಅವರ ಕೈಗೇ ಗೊತ್ತು. ಇನ್‌ಸ್ಟಾಗ್ರಾಂನಲ್ಲಿ ಮೊದಲು ಹಾಕುವ ವಿಡಿಯೊ ಇದೇ. ಹಾಡು ಬೇಡ. ಪಾತ್ರೆ, ಹಬೆ, ಅವಳ ಕೈ, ಕನ್ನಡದಲ್ಲಿ ಅವಳದೇ ಮಾತು.

ತೂಕವನ್ನೂ ಬರೆಯುತ್ತೇವೆ. ಕಿನ್ ಅನ್ನೋದು ಜಪಾನಿನಲ್ಲಿ ಬ್ರೆಡ್ಡಿನ ಅಳತೆ. ಅಲ್ಲಿ ಪ್ಯಾಕ್ ಮಾಡಿದ ಶೊಕುಪಾನ್ ‘ಒಂದು ಕಿನ್’ ಅಂತ ಮಾರಬೇಕಾದರೆ ಕನಿಷ್ಠ 340 ಗ್ರಾಂ ಇರಬೇಕು ಅಂತ ನಿಯಮವಿದೆ. ನಮ್ಮಲ್ಲಿ ಅರ್ಧ ಬ್ರೆಡ್ಡೂ ಕೊಡುತ್ತೇವೆ. ಎಷ್ಟು ದಪ್ಪಕ್ಕೆ ಕತ್ತರಿಸಬೇಕು ಅಂತ ಗಿರಾಕಿಯನ್ನೇ ಕೇಳುತ್ತೇವೆ, ಅಲ್ಲಿ ಒಸಾಕಾ ಕಡೆಯವರಿಗೆ ದಪ್ಪ ಇಷ್ಟ, ಟೋಕಿಯೊದವರಿಗೆ ಅದಕ್ಕಿಂತ ತೆಳ್ಳಗಿರಬೇಕು. ದಪ್ಪ ತುಂಡನ್ನು ಬೆಣ್ಣೆಯಲ್ಲಿ ಕಾಯಿಸಿ ಬಂದವರಿಗೆಲ್ಲ ಒಂದೊಂದು ಚೂರು ಸುಮ್ನೆ ಕೊಡೋದು, ನನ್ನ ಪ್ರಕಾರ, ಯಾವ ಜಾಹೀರಾತಿಗಿಂತಲೂ ಒಳ್ಳೆಯದು. ಸಂಜೆ ಅರ್ಧ ಬೆಲೆಗೆ ಮಾರೋದು ಬೇಡವೇ ಬೇಡ. ಒಮ್ಮೆ ರೂಢಿಯಾದರೆ ಜನ ಸಂಜೆಯವರೆಗೆ ಕಾಯುತ್ತಾರೆ, ಬೆಳಗ್ಗೆ ಬಂದು ಪೂರ್ತಿ ದುಡ್ಡು ಕೊಟ್ಟವರಿಗೆ ಬೇಜಾರಾಗುತ್ತೆ. ಉಳಿಯುತ್ತಿದ್ದರೆ ಬೇಯಿಸುವುದನ್ನೇ ಕಡಿಮೆ ಮಾಡೋಣ.

ಜಪಾನಿನ ಬೇಕರಿಗಳಿಂದ ನೇರವಾಗಿ ತೆಗೆದುಕೊಳ್ಳುತ್ತಿರುವುದು ಒಂದಿದೆ. ಯಾವ ಬನ್ನು ಎಷ್ಟು ಗಂಟೆಗೆ ಒಲೆಯಿಂದ ಹೊರಬರುತ್ತೆ ಅಂತ ಅಲ್ಲಿ ಬರೆದು ತೂಗುಹಾಕಿರುತ್ತಾರೆ. ಜನ ಆ ಹೊತ್ತಿಗೇ ಬಂದು, ತಟ್ಟೆ, ಇಕ್ಕಳ ಹಿಡಿದು ತಾವೇ ಆರಿಸಿಕೊಳ್ಳುತ್ತಾರೆ. ಅದನ್ನು ನಮ್ಮ ಬೋರ್ಡಿನಲ್ಲೇ ಬರೆಸುತ್ತಿದ್ದೇವೆ, ಫ್ಯೂಜಿ ಬೆಟ್ಟ ಇದ್ದ ಜಾಗದಲ್ಲಿ. ಅದೇ ಸಮಯಕ್ಕೆ ಬಡಾವಣೆಯ ವಾಟ್ಸಾಪ್ ಗುಂಪುಗಳಿಗೆ ಒಂದು ಸಾಲಿನ ಸಂದೇಶ.

ದಸರಾ ಹೊತ್ತಿಗೆ ಶುರು ಮಾಡಿ, ಜನ ಜಾಸ್ತಿ ಬರುತ್ತಾರೆ ಅಂತ ಹಲವರು ಹೇಳಿದರು. ನನಗೆ ಸರಿ ಕಾಣಲಿಲ್ಲ. ಆಗ ಬರುವವರಲ್ಲಿ ಹೆಚ್ಚಿನವರು ಜಂಬೂಸವಾರಿ ನೋಡಿ ಊರಿಗೆ ಹೋಗುತ್ತಾರೆ, ಅಂಗಡಿಯ ಹೊಸ ಹುಡುಗರಿಗೆ ಕೈ ಕುದುರುವ ಮೊದಲೇ ನೂಕುನುಗ್ಗಲು. ಯೋಗ ಕಲಿಯಲು ಗೋಕುಲಂಗೆ ಬರುವ ವಿದೇಶಿಯರೂ ಖಂಡಿತ ಬರಲಿ, ಆದರೆ ಅವರು ಕೆಲವು ತಿಂಗಳು ಇದ್ದು ಹೊರಡುವವರು. ಅಂಗಡಿ ನಿಲ್ಲಬೇಕಾದರೆ ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು, ಯಾದವಗಿರಿಯ ಮನೆಗಳಿಗೆ ವಾರಕ್ಕೊಮ್ಮೆಯಾದರೂ ಬ್ರೆಡ್ಡು ಹೋಗಬೇಕು. ಹಾಗಾಗಿ ಹಬ್ಬದ ಗದ್ದಲ ಮುಗಿದ ಮೇಲೆ ತೆರೆಯುತ್ತೇವೆ. ಹೂರಣಕ್ಕೆ ಸಕ್ಕರೆಯ ಬದಲು ಮಂಡ್ಯದ ಬೆಲ್ಲ ಹಾಕೋಣ ಅಂತ ನಾನು, ಅಡುಕಿಯ ವಾಸನೆ ಮುಚ್ಚಿಹೋಗುತ್ತೆ ಅಂತ ಅವಳು. ಮೊದಲ ವಾರ ಎರಡನ್ನೂ ಇಡುತ್ತೇವೆ, ತಿಂದು ನೋಡಿ ಯಾವುದು ಇರಲಿ ಅಂತ ನೀವೇ ಹೇಳಿ.